ಹತ್ತಿಕಿವಿಯ ಸುತ್ತಿಗೆ

ಎಂಟು ವರ್ಷ, ರಜೆ ಬಿಟ್ಟು ಉಳಿದ ಅಷ್ಟೂ ದಿನ, ಬೆಳಿಗ್ಗೆ ಎಂಟೂವರೆಗೆ ನಾನು ನನ್ನ ಸೋದರಮಾವನಿಗೆ ನಗುನಗುತ್ತಾ ನಮಸ್ಕಾರ ಹೇಳಿದ್ದೇನೆ. ಒಂದೊಂದು ನಮಸ್ಕಾರವೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಎದುರಿಗೆ ‘ಮಾವ, ನೀವು’ ಎನ್ನುತ್ತೇನೆ. ಇಲ್ಲಿ ‘ಅವನು’ ಎನ್ನುತ್ತೇನೆ. ಇಷ್ಟು ಸ್ವಾತಂತ್ರ್ಯವೂ ಇಲ್ಲದಿದ್ದರೆ ಕಥೆ ಹೇಳಿ ಏನು ಪ್ರಯೋಜನ?

ಅವನದು ಸಾಮಿಲ್ಲು. ಅಲ್ಲಿ ಬಂದು ಬೀಳುವ ದಿಮ್ಮಿಗಳ ತುದಿಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆಯುವುದು ನನ್ನ ಕೆಲಸ. “ಅಕ್ಕನ ಮಗಳಲ್ವಾ, ಕೈಬಿಡೋಕಾಗುತ್ತಾ?” ಎಂದು ಊರಿಗೆಲ್ಲ ಸಾರಿಕೊಂಡು ಅವನು ಕೊಟ್ಟ ಕೆಲಸ. ಅಮ್ಮನಿಗೆ ಅದರಿಂದ ಕಣ್ಣು ತುಂಬಿ ಬಂದಿತ್ತು. “ನನ್ನ ಬೆನ್ನಿಗೆ ಬಿದ್ದವನು ಕಣೇ, ಅವನ ಮನಸ್ಸು ಬೆಣ್ಣೆ” ಎಂದಿದ್ದಳು. ಬೆಣ್ಣೆಯಂತೆ, ಬೆಣ್ಣೆ! ಆ ಮಿಲ್ಲಿನಲ್ಲಿ ಅದಕ್ಕೂ ಮುಂಚೆ ಮೂವತ್ತು ವರ್ಷ ನನ್ನಪ್ಪನ ಮಾತೇ ಕೊನೆಯ ಮಾತಾಗಿತ್ತು ಅನ್ನುವುದನ್ನು ಅವಳೂ ಮರೆತಂತಿತ್ತು.

ಅಪ್ಪ ಮರ ಕೇಳುತ್ತಿದ್ದರು. ನಿಂತ ಮರವನ್ನು ಕಡಿಯುವ ಮೊದಲು ಅದರೊಳಗೆ ಏನಿದೆ ಎಂದು ಯಾರಾದರೂ ಹೇಳಬೇಕಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಮರವೂ ದೊಡ್ಡ ಮನುಷ್ಯರ ಹಾಗೆ ಗಟ್ಟಿಯಾಗಿಯೇ ಕಾಣುತ್ತವೆ. ಅಪ್ಪ ಮೊದಲು ಕಾಂಡಕ್ಕೆ ಕಿವಿಯಿಡುತ್ತಿದ್ದರು. ಆಮೇಲೆ ಚಿಕ್ಕ ಸುತ್ತಿಗೆಯಿಂದ ಬುಡದಿಂದ ಎದೆಯೆತ್ತರದವರೆಗೆ ಸುತ್ತಲೂ ಬಡಿಯುತ್ತಿದ್ದರು. ನಿಂಬೆಹಣ್ಣಿನಷ್ಟು ಹಿತ್ತಾಳೆಯ ತಲೆ, ಹಿಡಿದು ಹಿಡಿದು ಬೆರಳಿನ ಅಚ್ಚು ಬಿದ್ದ ಹಿಡಿ. ಗಟ್ಟಿಯಿದ್ದರೆ ಸೀಮೆಸುಣ್ಣದಲ್ಲಿ ಒಂದು ಉದ್ದ ಗೆರೆ. ಪೊಳ್ಳಾಗಿದ್ದರೆ ಸೊನ್ನೆ. ಸೊನ್ನೆ ಬಿದ್ದ ಮರದ ಬುಡಕ್ಕೆ ಗರಗಸ ಇಡುವ ಹಾಗಿಲ್ಲ. ಇಟ್ಟರೆ ಕಾಂಡ ನಡುವೆ ಸೀಳಿ ಎತ್ತ ಬೀಳುತ್ತದೋ ಹೇಳಲು ಬರುವುದಿಲ್ಲ. ಅದನ್ನು ಮೇಲಿನಿಂದ ತುಂಡು ತುಂಡಾಗಿ ಇಳಿಸಬೇಕು.

ಇನ್ನೊಂದು ಪದ್ಧತಿಯಿತ್ತು, ಈಗಲೂ ಇದೆ. ಯಾರು ಗೆರೆ ಎಳೆದರೋ ಅವರೇ ಕಡಿಯುವ ದಿನ ಬಂದು ಕಾಂಡಕ್ಕೆ ಅಂಗೈ ಇಟ್ಟು, ಕಿವಿ ಇಟ್ಟು ನಿಲ್ಲಬೇಕು. ಇಬ್ಬರು ಎಳೆಯುವ ಕೈಗರಗಸ ಒಂದು ಗೇಣು ಒಳಗಿಳಿಯುವ ತನಕ ಅಲ್ಲಾಡಬಾರದು. ಮೋಟಾರ್ ಗರಗಸ ಅದಾದ ಮೇಲೆಯೇ. ಗಟ್ಟಿ ಎಂದವನು ಗಟ್ಟಿಯಾಗಿ ನಿಲ್ಲಲಿ ಅಂತ. ಇದಕ್ಕೆ ‘ಕೈಯಿಡುವುದು’ ಎನ್ನುತ್ತಾರೆ. ಅಪ್ಪ ಸಾವಿರಾರು ಮರಕ್ಕೆ ಕೈಯಿಟ್ಟವರು.

ಚಿಕ್ಕವಳಾಗಿದ್ದಾಗ ನಾನು ಅಪ್ಪನ ಬಾಲ. ಮರಕುಟಿಗವನ್ನು ತೋರಿಸಿಕೊಟ್ಟವರು ಅವರೇ. ಕೆಂಪು ಜುಟ್ಟು, ಕಾಂಡಕ್ಕೆ ಒತ್ತಿಕೊಂಡು ಮೂರನೇ ಕಾಲಿನ ಹಾಗೆ ಊರುವ ಗಡುಸು ಬಾಲ. ನಾವು ಈ ಕಡೆ ಹೋದರೆ ಅದು ಕಾಂಡದ ಆ ಕಡೆಗೆ ಜಾರುತ್ತದೆ, ಸಾಲ ಕೊಟ್ಟವನನ್ನು ಕಂಡವರ ಹಾಗೆ. “ನಮ್ಮ ಕೆಲಸದ ಗುರು ಇದು” ಎನ್ನುತ್ತಿದ್ದರು. “ನೋಡು, ಅಲ್ಲೊಂದು ಇಲ್ಲೊಂದು ಕುಟ್ಟಿ ಕೇಳ್ತಿದ್ರೆ ಹುಳ ಹುಡುಕ್ತಿದೆ ಅಂತ. ಒಂದೇ ಸಮನೆ ಟರ್‍ರ್ ಅಂತ ಬಾರಿಸಿದ್ರೆ ಇದು ನನ್ನ ಜಾಗ, ಯಾರೂ ಬರಬೇಡಿ ಅಂತ. ನಿಧಾನಕ್ಕೆ, ಬಿಡದೆ, ಒಂದೇ ಕಡೆ ಕುಟ್ಟಿ ಕೆಳಗೆ ಸಿಪ್ಪೆ ಉದುರಿಸ್ತಿದ್ರೆ ಮನೆ ಕಟ್ತಿದೆ ಅಂತ.” ಮನೆ ಕಟ್ಟುವುದು ಸತ್ತ ಕೊಂಬೆಯಲ್ಲಿ. ಗಟ್ಟಿ ಮರಕ್ಕೂ ಒಂದು ಒಣಕೊಂಬೆ ಇರಬಹುದು. “ಹಕ್ಕಿ ಕೂತ ಮರವೆಲ್ಲ ಪೊಳ್ಳು ಅನ್ನೋನು ಮುಠ್ಠಾಳ” ಎಂದು ಅಪ್ಪ ನಗುತ್ತಿದ್ದರು.

ಸುತ್ತಿಗೆಗೆ ಮುಂಚೆ ಕಿವಿ ಯಾಕೆ ಎಂದು ಒಮ್ಮೆ ಕೇಳಿದ್ದೆ. ಮರಿಗಳಿಗಾಗಿ ಎಂದರು. ಗೂಡಿನಲ್ಲಿ ಮರಿಯಿದ್ದರೆ, ತಾಯಿಯೋ ತಂದೆಯೋ ಬಂದು ಕೂತ ಅದುರು ಗೊತ್ತಾಗುತ್ತಲೇ ಎಲ್ಲ ಸೇರಿ ಗುಂಯ್ ಎನ್ನುತ್ತವೆ, ಒಲೆಯ ಮೇಲೆ ಎಸರು ಕುದಿಯುವ ಹಾಗೆ. ಗಟ್ಟಿ ಮರವಾದರೆ ಆ ಸದ್ದು ಕೆಳಗಿನ ತನಕ ಬರುತ್ತದೆ. ಆಗ ಸುತ್ತಿಗೆ ಜೇಬಿಗೆ ಹಾಕಿಕೊಂಡು ವಾಪಸು ಬರಬೇಕು. ತಿಂಗಳು ಬಿಟ್ಟು ಹೋಗಬೇಕು. “ಮರಿಯಿರೋ ಮರಕ್ಕೆ ಕೈಯಿಟ್ಟವರು ಮತ್ತೆ ಸುತ್ತಿಗೆ ಮುಟ್ಟಬಾರದು. ನಮ್ಮಲ್ಲಿ ಇರೋದು ಇದೊಂದೇ ಕಾನೂನು” ಎಂದಿದ್ದರು.

ಎಂಟು ವರ್ಷದ ಹಿಂದೆ ನೀರಿನ ಟ್ಯಾಂಕಿನ ಪಕ್ಕದ ಮರ ಕೇಳಲು ಹೋದಾಗ ಅಪ್ಪನಿಗೆ ಜ್ವರ, ಎಡಗಿವಿಯಲ್ಲಿ ನೋವು. ಕಿವಿಗೆ ಹತ್ತಿ ತುರುಕಿಕೊಂಡಿದ್ದರು. ಬಲಗಿವಿಯಲ್ಲಿ ಕೇಳಿದರು, ಬಡಿದರು, ಸೊನ್ನೆ ಬರೆದರು. “ಬುಡಕ್ಕೆ ಹೋಗಬೇಡ, ಮೇಲಿಂದ ಇಳಿಸು” ಎಂದು ಮಾವನಿಗೆ ಹೇಳಿ ಮನೆಗೆ ಬಂದು ಮಲಗಿದರು. ಪೊಳ್ಳು ಮರಕ್ಕೆ ಕೈಯಿಡುವ ಪ್ರಶ್ನೆಯೇ ಇಲ್ಲವಲ್ಲ. ಮಾವನಿಗೆ ಅವಸರ. ಲಾರಿ ಕಾಯುತ್ತಿತ್ತು. ಮರುದಿನ, ಕೈಯಿಡುವವರು ಯಾರೂ ಇಲ್ಲದೆಯೇ, ಬುಡಕ್ಕೇ ಗರಗಸ ಹಾಕಿಸಿದ. ಕಾಂಡ ಎರಡಾಗಿ ಸೀಳಿತು, ಗರಗಸಣ್ಣನ ಬಲಗಾಲಿನ ಮೇಲೆ ಬಿತ್ತು. ಗರಗಸಣ್ಣ ಎಂದರೆ ಮಿಲ್ಲಿನ ಹಳೆಯ ಕೊಯ್ಯುವವರು, ಅಪ್ಪನ ಜೊತೆಗಾರರು. ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಮಾವ ಎಲ್ಲರ ಎದುರು ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ. “ಗೆರೆ ಎಳೆದಿದ್ರು ಕಣ್ರಪ್ಪ. ಕಿವೀಲಿ ಹತ್ತಿ ಇಟ್ಕೊಂಡು ಮರ ಕೇಳಿದ್ರೆ ಇನ್ನೇನಾಗುತ್ತೆ? ಕೈಯಿಡೋಕೆ ಹೆದರಿ ಹಿಂದಿನ ದಿನವೇ ಮನೆಗೆ ಓಡಿಹೋದ್ರು. ನಮ್ಮ ಭಾವನೇ, ಏನು ಮಾಡ್ಲಿ?” ಹೋಗಿ ನೋಡಿದವರಿಗೆ ತೊಗಟೆಯ ಮೇಲೆ ಗೆರೆಯೇ ಕಂಡಿತು. ಹತ್ತಿಯನ್ನು ಇಡೀ ಬೀದಿ ನೋಡಿತ್ತು. ನನಗೆ ಆಗ ಹತ್ತೊಂಬತ್ತು. ನಾನು ನೋಡಿದ್ದು ಬೇರೆ. ಮಾವನ ಕಡುನೀಲಿ ಅಂಗಿಯ ಬಲತೋಳಿನ ತುಂಬ ಸೀಮೆಸುಣ್ಣದ ಪುಡಿ. ಜನ್ಮದಲ್ಲಿ ಸೀಮೆಸುಣ್ಣ ಹಿಡಿಯದವನ ತೋಳಿಗೆ ಅದು ಎಲ್ಲಿಂದ ಬಂತು? ಸೊನ್ನೆ ಒರೆಸಿದ್ದ, ಗೆರೆ ಎಳೆದಿದ್ದ. ಹೇಳಿದ್ದರೆ ಯಾರು ನಂಬುತ್ತಿದ್ದರು? ಮಗಳು ಅಪ್ಪನ ಪರ ಅಲ್ಲದೆ ಇನ್ನಾರ ಪರ ಮಾತಾಡುತ್ತಾಳೆ ಎನ್ನುತ್ತಿದ್ದರು.

ಅಪ್ಪ “ನಾನು ಸೊನ್ನೆ ಬರೆದೆ” ಎಂದು ಒಂದೇ ಒಂದು ಸಲ ಹೇಳಿದರು. ಗರಗಸಣ್ಣ ಮಂಚದ ಮೇಲಿಂದ ಮುಖ ಆ ಕಡೆ ತಿರುಗಿಸಿಕೊಂಡರು. ಅವತ್ತು ಸುತ್ತಿಗೆ ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಅಪ್ಪನಿಗೆ ಊರು ಹೊಸ ಹೆಸರಿಟ್ಟಿತು: ಹತ್ತಿಕಿವಿ. ಅಂಗಡಿಗೆ ಹೋದರೆ, “ಹತ್ತಿಕಿವಿ ಬಂದ್ರು, ಸ್ವಲ್ಪ ಜೋರಾಗಿ ಮಾತಾಡ್ರಪ್ಪ” ಎಂಬ ತಮಾಷೆ. ಅಪ್ಪ ಹೊರಗೆ ಹೋಗುವುದನ್ನೇ ಬಿಟ್ಟರು. ನಾನು ಹಲ್ಲು ಕಚ್ಚಿಕೊಂಡು ಅವನ ದಿಮ್ಮಿಗಳಿಗೆ ನಂಬರ್ ಬರೆದೆ. ಕಾಯುವುದು ಕಲಿತೆ.

ಅಪ್ಪನ ನಂತರ ಮರ ಕೇಳುವವನು ಮಾವನೇ ಆದ. ಒಂದು ದೊಡ್ಡ ಸುತ್ತಿಗೆ ಮಾಡಿಸಿಕೊಂಡು ಬಾಗಿಲು ಬಡಿದ ಹಾಗೆ ಧಬಧಬ ಬಡಿಯುತ್ತಾನೆ. ಅವನಿಗೆ ಕೇಳಿಸುವುದು ಅವನ ಬಡಿತ ಮಾತ್ರ. ಆದ್ದರಿಂದ ನಿಜವಾಗಿ ಅವನು ನಂಬುವುದು ಹಕ್ಕಿಯನ್ನು. ಮರಕುಟಿಗ ಕಂಡರೆ, ಕೆಳಗೆ ಸಿಪ್ಪೆ ಬಿದ್ದಿದ್ದರೆ ಸೊನ್ನೆ. ಕಾಣದಿದ್ದರೆ ಗೆರೆ. ಹೀಗೆ ಎಷ್ಟೋ ಗಟ್ಟಿ ಮರಗಳನ್ನು ಸೊನ್ನೆ ಹಾಕಿ ಸೌದೆ ಮಾಡಿದ. ಗೆರೆಯ ಮರಗಳು ಅದೃಷ್ಟಕ್ಕೆ ಸರಿಯಾಗಿ ಬಿದ್ದವು. “ಭಾವನ ಕಿವಿ ಹೋಯ್ತು, ನನ್ನ ಕಿವಿ ಬಂತು” ಎಂದು ಬೀಗುತ್ತಿದ್ದ.

ಈ ಬೇಸಿಗೆಯಲ್ಲಿ ಹೆರಿಗೆ ಆಸ್ಪತ್ರೆಯ ಮುಂದಿನ ರಸ್ತೆ ಅಗಲ ಮಾಡಲು ಹೊರಟರು. ಅಲ್ಲಿ ಇಬ್ಬರು ತಬ್ಬಿದರೂ ಕೈ ಸೇರದಷ್ಟು ದಪ್ಪನೆಯ ಮರ. ಎದುರಿಗೆ ಔಷಧಿ ಅಂಗಡಿ, ಸಾಲು ಮನೆಗಳು. ಮರ ಗಟ್ಟಿಯಾಗಿದ್ದರೆ ರಸ್ತೆಯುದ್ದಕ್ಕೆ ಒಂದೇ ಏಟಿಗೆ ಬೀಳಿಸಬಹುದು. ಮಾವನಿಗೆ ಕೆಲಸ ಸಿಕ್ಕಿತು. ಮರ ಕೇಳಲು ಇನ್ನೂ ಮೂರು ವಾರವಿತ್ತು. ನಾನು ಕೆಲಸಕ್ಕೆ ಹೋಗುವುದು ಅದೇ ದಾರಿಯಲ್ಲಿ. ಒಂದು ಬೆಳಿಗ್ಗೆ ಬುಡದಲ್ಲಿ ಹೊಸ ಸಿಪ್ಪೆ ಬಿದ್ದಿತ್ತು, ಉಗುರಿನಷ್ಟುದ್ದ, ಒಣಗಿದ ಮರದ ಬಣ್ಣ. ತಲೆಯೆತ್ತಿದೆ. ಆಸ್ಪತ್ರೆಯ ಗೋಡೆಯ ಕಡೆಗೆ ಚಾಚಿದ ಒಣಕೊಂಬೆಯ ಕೆಳಮೈಯಲ್ಲಿ ದುಂಡನೆಯ ತೂತು. ಅದರೊಳಗಿಂದ ಕೆಂಪು ಜುಟ್ಟೊಂದು ಹೊರಬಂದು, ಬಾಯಿ ತುಂಬ ಸಿಪ್ಪೆ ಹಿಡಿದು, ತಲೆ ಕೊಡವಿ ಉದುರಿಸಿತು.

ನನ್ನ ಎದೆ ಧಸಕ್ ಎಂದಿತು. ಖುಷಿಗೆ.

ಮರುದಿನದಿಂದ ಬೆಳಕು ಹರಿಯುತ್ತಲೇ ಅಪ್ಪನ ಸುತ್ತಿಗೆ ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡು, ಮೋಟು ಪೊರಕೆಯನ್ನೂ ಹಿಡಿದು ಹೊರಡುತ್ತಿದ್ದೆ. ಮೊದಲ ದಿನ ಮರವನ್ನು ಸುತ್ತಲೂ ಬಡಿದು ಕೇಳಿದೆ. ಗಂಟೆಯಂಥ ಮರ. ಬುಡದಿಂದ ಕವಲಿನ ತನಕ ಒಂದು ಎಳೆ ಬಿರುಕಿಲ್ಲ. ಸತ್ತದ್ದು ಆ ಒಂದು ಕೊಂಬೆ ಮಾತ್ರ. ಇದನ್ನು ಎರಡು ಸಲವಲ್ಲ, ಹತ್ತು ಸಲ ಖಾತ್ರಿ ಮಾಡಿಕೊಂಡಿದ್ದೇನೆ. ನನ್ನ ಸೇಡಿಗೆ ಇನ್ನೊಬ್ಬರ ಕಾಲು ಒತ್ತೆಯಿಡುವವಳು ನಾನಲ್ಲ. ಆಮೇಲೆ ದಿನವೂ ಸಿಪ್ಪೆ ಗುಡಿಸಿದೆ. ಒಂದು ಚೂರು ಬಿಡದೆ ಗುಡಿಸಿ ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿದೆ. ಅಲ್ಲಿನ ಆಯಾ ಒಂದು ದಿನ, “ರೋಡಾಫೀಸಿಂದ ಬರ್ತೀಯೇನಮ್ಮ? ಇಷ್ಟು ಶ್ರದ್ಧೆ ಅಲ್ಲಿ ಯಾರಿಗೂ ಕಂಡಿಲ್ವಲ್ಲ!” ಎಂದಳು. ನಕ್ಕು ಪೊರಕೆ ಆಡಿಸಿದೆ.

ಹದಿನೈದು ದಿನಕ್ಕೆ ಸಿಪ್ಪೆ ನಿಂತಿತು. ಆಮೇಲೆ ಗಂಡು ಹೆಣ್ಣು ಪಾಳಿ ಬದಲಿಸುತ್ತಿದ್ದವು. ಕಾವಿಗೆ ಕೂತಿವೆ ಎಂದುಕೊಂಡೆ. ಅದೇ ಹೊತ್ತಿಗೆ ಮಾವ ಮರ ಕೇಳಲು ಬಂದ, ನನ್ನನ್ನೂ ಜೊತೆಗೆ ಕರೆತಂದಿದ್ದ. ಮಧ್ಯಾಹ್ನದ ಬಿಸಿಲು. ಒಂದು ಹಕ್ಕಿ ಗೂಡಿನೊಳಗೆ ಸದ್ದಿಲ್ಲದೆ ಕೂತಿತ್ತು. ಇನ್ನೊಂದು ಆಸ್ಪತ್ರೆಯ ಹಿಂದಿನ ಹುಲ್ಲಿನಲ್ಲಿ ಇರುವೆ ಹುತ್ತಕ್ಕೆ ಉದ್ದ ನಾಲಿಗೆ ಇಳಿಬಿಟ್ಟುಕೊಂಡಿತ್ತು. ಮಾವ ಮೇಲೆ ನೋಡಿದ, ಕೆಳಗೆ ನೋಡಿದ. ನೆಲ ಕನ್ನಡಿಯ ಹಾಗಿತ್ತು. ಧಬಧಬ ಬಡಿದು ಗೆರೆ ಎಳೆದ.

“ಏನಮ್ಮ, ನಿಮ್ಮಪ್ಪ ಆಗಿದ್ರೆ ಹತ್ತಿ ತೆಗೆಯೋಕೇ ಒಂದು ಗಂಟೆ ಬೇಕಿತ್ತು” ಎಂದು ನನ್ನ ಮುಖ ನೋಡಿ ನಕ್ಕ.

“ನಿಮ್ಮಷ್ಟು ಚುರುಕು ಯಾರಿಗೆ ಬರುತ್ತೆ ಮಾವ” ಎಂದೆ.

“ದಿನ ಯಾವತ್ತಿಡೋಣ? ದೊಡ್ಡವರನ್ನೆಲ್ಲ ಕರೀಬೇಕು. ನಾನೇ ಕೈಯಿಡ್ತೀನಿ, ನೋಡ್ಲಿ.”

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಕಾವಿಗೆ ಇನ್ನೊಂದು ವಾರ. ಮರಿ ಬಲಿತು ಜೋರಾಗಿ ಗುಂಯ್ ಎನ್ನಲು ಮತ್ತೆರಡು ವಾರ. ಅದರ ಮೇಲೊಂದು ವಾರ ಬಿಟ್ಟರೆ ಹಾರಿಹೋಗುತ್ತವೆ. “ಇವತ್ತಿಗೆ ಇಪ್ಪತ್ತೆರಡನೇ ದಿನ ಇಡಿ ಮಾವ. ಅವತ್ತು ರಜೆ, ಜನ ಬರ್ತಾರೆ” ಎಂದೆ. ಅಲ್ಲಿಗೆ ಮುಗಿಯಿತು. ದಿನ ಗೊತ್ತು ಮಾಡಿದ್ದು ನಾನೇ. ಯಾರೂ ನನ್ನ ಬಾಯಿಂದ ಬಲವಂತವಾಗಿ ಹೊರಡಿಸಲಿಲ್ಲ.

ಆ ದಿನ ಬೀದಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ರೋಡಾಫೀಸಿನವರು ಹಗ್ಗ ಕಟ್ಟಿದ್ದರು. ಮನೆಗಳ ಮಾಳಿಗೆಯ ಮೇಲೆ ಹೆಂಗಸರು ಮಕ್ಕಳು. ಈಗ ಮಿಲ್ಲಿನ ಗೇಟು ಕಾಯುವ ಗರಗಸಣ್ಣ ಊರುಗೋಲು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ಚಪ್ಪಲಿ ಮೆಟ್ಟಿ, ಮದುಮಗನ ಹಾಗೆ ಬಂದ. ತಾನು ಎಳೆದ ಗೆರೆಯ ಪಕ್ಕದಲ್ಲೇ ಅಂಗೈ ಊರಿ, ಕೆನ್ನೆ ಕಾಂಡಕ್ಕೊತ್ತಿ, “ಎಳೀರೋ!” ಎಂದ.

ಕೈಗರಗಸದ ಇಬ್ಬರು ಎಳೆಯತೊಡಗಿದರು. ನಾಲ್ಕು ಎಳೆತಕ್ಕೆ ತೊಗಟೆ ಹೋಯಿತು. ಹತ್ತಕ್ಕೆ ಬಿಳಿ ಪುಡಿ ಬಂತು. ಕಾಂಡ ಅದುರುವುದನ್ನು ನಾನು ಚಪ್ಪಲಿಯ ಕೆಳಗಿನ ನೆಲದಲ್ಲೇ ಗುರುತು ಹಿಡಿದೆ. ಮೇಲೆ ಆ ಮೂರ್ಖ ಮರಿಗಳು ಅಪ್ಪ ಬಂದ, ಅಮ್ಮ ಬಂದಳು ಎಂದುಕೊಂಡವು.

ಮಾವನ ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಿಕ್ಕಿತು. ಕಿವಿ ತೆಗೆದ, ಮತ್ತೆ ಇಟ್ಟ. ಬಣ್ಣ ಇಳಿಯಿತು. ಮರದ ಒಳಗಿನಿಂದ ಏನೋ ಗುಂಯ್ಗುಡುತ್ತಿದೆ. ಗರಗಸ ನಿಂತರೆ ನಿಲ್ಲುತ್ತದೆ, ಎಳೆದರೆ ಎದ್ದು ಬರುತ್ತದೆ. ಪಾಪ, ಅವನಿಗೆ ಏನು ಗೊತ್ತು? ಎಂಟು ವರ್ಷದ ಹಿಂದೆ ಸೀಳಿದ ಕಾಂಡ ಅವನ ಕಣ್ಣ ಮುಂದೆ ಬಂದಿರಬೇಕು. ಬರಲಿ ಎಂದೇ ನಾನು ಕಾದಿದ್ದೆ. ಅಷ್ಟರಲ್ಲಿ ಹೆಣ್ಣುಹಕ್ಕಿ ಅಲೆಯಲೆಯಾಗಿ ಹಾರುತ್ತಾ ಬಂದು ಕಾಂಡಕ್ಕೆ ಅಂಟಿಕೊಂಡಿತು.

ನಾನು ಹಗ್ಗದ ಈಚೆಯಿಂದ ಕೂಗಿದೆ: “ಮಾವ! ಮೇಲೆ ನೋಡಿ, ಮರಕುಟಿಗ!”

ಅವನು ನೋಡಿದ. ಅಷ್ಟೇ, ಕಾಲಿಗೆ ಬುದ್ಧಿ ಹೇಳಿದ. “ಬಿಡ್ರೋ! ಓಡ್ರೋ! ಪೊಳ್ಳು! ಒಳಗೆ ಬಿರೀತಿದೆ!” ಎಂದು ಅರಚುತ್ತಾ, ಒಂದು ಚಪ್ಪಲಿಯನ್ನು ಬುಡದಲ್ಲೇ ಬಿಟ್ಟು, ಹಗ್ಗಕ್ಕೆ ಎಡವಿ, ಎದ್ದು, ಔಷಧಿ ಅಂಗಡಿಯ ಮೆಟ್ಟಿಲು ಹತ್ತಿ ಕಂಬ ತಬ್ಬಿಕೊಂಡು ನಿಂತ. ಮರ ಮಾತ್ರ ಇದ್ದ ಹಾಗೇ ಇತ್ತು. ಮೇಲಿನಿಂದ ಹಕ್ಕಿ ಕಿಕ್ಕಿಕ್ಕಿ ಎಂದು ನಕ್ಕಂತೆ ಕೂಗಿತು. ಮಾಳಿಗೆಯ ಮೇಲಿನ ಯಾರೋ ಹೆಂಗಸು ಕಿಸಕ್ಕೆಂದಳು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು.

ನಾನು ಹಗ್ಗ ದಾಟಿದೆ. ನಿಧಾನಕ್ಕೆ ನಡೆದೆ. ಅವನ ಚಪ್ಪಲಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಅವನು ಬಿಟ್ಟ ಜಾಗದಲ್ಲಿ ಅಂಗೈಯಿಟ್ಟೆ, ಕಿವಿಯಿಟ್ಟೆ.

ಗರಗಸಣ್ಣ ಕುರ್ಚಿಯಿಂದಲೇ ಕೇಳಿದರು. “ಏನಮ್ಮ ಕೇಳಿಸ್ತಿದೆ?”

“ಮರಿ, ಅಣ್ಣ. ಮೇಲೆ ಒಣಕೊಂಬೇಲಿ ಮರಕುಟಿಗದ ಮರಿ. ಬುಡ ಗಟ್ಟಿಯಾಗಿದೆ. ಗಟ್ಟಿಯಾಗಿರೋದಕ್ಕೇ ಸದ್ದು ಇಲ್ಲೀತನಕ ಬರ್ತಿದೆ.”

ಗರಗಸ ಹಿಡಿದವರಲ್ಲಿ ದೊಡ್ಡವನು ಹಿಡಿ ಬಿಟ್ಟು ಮೇಲೆ ನೋಡಿದ. “ಮರಿ ಇದ್ರೆ ನಿಲ್ಲಿಸಿಬಿಡೋಣ್ವಾ ಅಕ್ಕ? ನಾಲ್ಕು ದಿನ ಬಿಟ್ಟು ಕಡಿದ್ರಾಯ್ತು. ಎರಡು ಬೆರಳೂ ಇಳಿದಿಲ್ಲ, ಮರ ಎಲ್ಲಿಗೂ ಹೋಗಲ್ಲ.”

ನಿಜ ಹೇಳುತ್ತೇನೆ. ಅವನು ಕೇಳಿದ. ಎಲ್ಲರ ಎದುರು, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದ. ಮಾವ ಓಡಿ ಆಗಿತ್ತು. ನನಗೆ ಬೇಕಾದ್ದು ಮುಕ್ಕಾಲು ಪಾಲು ಸಿಕ್ಕಾಗಿತ್ತು. ಕಿವಿಯ ಕೆಳಗೆ ಮರಿಗಳು ಗುಂಯ್ ಎನ್ನುತ್ತಲೇ ಇದ್ದವು. ಆದರೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಮಾವ ಆಗಲೇ ಬೆವರು ಒರೆಸಿಕೊಂಡು ಬಾಯಿ ತೆರೆದಿದ್ದ. “ನೋಡಿದ್ರಾ? ಸಮಯಕ್ಕೆ ಸರಿಯಾಗಿ ಹೇಳಿದೆ, ಇಲ್ದಿದ್ರೆ ನಾಲ್ಕು ಹೆಣ ಬೀಳ್ತಿತ್ತು!” ನಾಲ್ಕು ದಿನ ಬಿಟ್ಟರೆ ಈ ಮನುಷ್ಯ ಊರನ್ನು ಉಳಿಸಿದವನಾಗುತ್ತಾನೆ. ಮರ ಬಿದ್ದು ಅದರ ಎದೆ ಎಲ್ಲರಿಗೂ ಕಾಣಬೇಕು. ಇವತ್ತೇ, ಈಗಲೇ.

“ಎಳೀರಿ” ಎಂದೆ.

ಎಳೆದರು. ಗೇಣು ಇಳಿಯುವ ತನಕ ನಾನು ಅಲ್ಲಾಡಲಿಲ್ಲ. ಆ ಸದ್ದನ್ನು ಕೊನೆಯ ತನಕ ಕೇಳಿದೆ. ಮೋಟಾರ್ ಗರಗಸ ಬಂತು. ಮರ ಹೇಳಿದ ಕಡೆಗೆ, ಹೇಳಿದಷ್ಟೇ ಜಾಗದಲ್ಲಿ, ರಸ್ತೆಯುದ್ದಕ್ಕೆ ಮಲಗಿತು. ಒಂದು ಕಿಟಕಿಯ ಗಾಜೂ ಅಲುಗಲಿಲ್ಲ. ಕೊಯ್ದ ಬುಡ ತಟ್ಟೆಯ ಹಾಗೆ ತುಂಬಿಕೊಂಡು ಹೊಳೆಯುತ್ತಿತ್ತು. ನಡುವೆ ಸೂಜಿ ತೂರುವಷ್ಟು ಸಂದಿಲ್ಲ. ಜನ ಹಗ್ಗ ದಾಟಿ ಬಂದು ಮುಟ್ಟಿ ಮುಟ್ಟಿ ನೋಡಿದರು, ಆಮೇಲೆ ಮೆಟ್ಟಿಲ ಕಡೆಗೆ ನೋಡಿದರು. ಮಾವ ಒಂದೇ ಚಪ್ಪಲಿಯಲ್ಲಿ ನಿಂತಿದ್ದ.

ಗರಗಸಣ್ಣ ಊರುಗೋಲು ಊರಿಕೊಂಡು ಬಂದರು. ಬುಡದ ಮೇಲೆ ಕೈಯಾಡಿಸಿದರು. “ಗಟ್ಟಿ ಮರದಿಂದ ಓಡೋನಿಗೆ ಪೊಳ್ಳು ಯಾವುದು ಅಂತ ಹೇಗೆ ಗೊತ್ತಾಗುತ್ತೆ?” ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಅವತ್ತು ನಿಮ್ಮಪ್ಪ ಏನು ಬರೆದಿದ್ರು?” ಎಂದರು.

“ಸೊನ್ನೆ. ಒರೆಸಿದ ಸುಣ್ಣ ಮಾವನ ಅಂಗಿ ತೋಳಲ್ಲಿ ಇತ್ತು. ನಾನೇ ನೋಡಿದ್ದೀನಿ.”

ಎಂಟು ವರ್ಷ ಒಳಗೇ ಕುದಿದ ಮಾತು. ಜೋರಾಗಿಯೇ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. ಗರಗಸಣ್ಣ ಮೆಟ್ಟಿಲ ಕಡೆಗೆ ನೋಡಿ, “ಏನ್ರೀ ಯಜಮಾನ್ರೇ, ಹೌದಾ?” ಎಂದರು. ಅವನು ಮೆಟ್ಟಿಲಿಳಿದು, ಬರಿಗಾಲನ್ನು ಬಿಸಿ ರಸ್ತೆಯ ಮೇಲೆ ಎತ್ತೆತ್ತಿ ಇಡುತ್ತಾ, ತಲೆ ತಗ್ಗಿಸಿಕೊಂಡು ಹೋದ. ಆ ನಡಿಗೆ ನೋಡಿ ನನಗಾದ ಸಂತೋಷ ಹೇಳತೀರದು. ಹೊಟ್ಟೆ ತುಂಬಿತು.

ಜನ ಚದುರಿದ ಮೇಲೆ ಒಣಕೊಂಬೆ ಹುಡುಕಿದೆ. ಮುರಿದು ಎರಡಾಗಿತ್ತು. ಗೂಡಿನೊಳಗೆ ಹುಲ್ಲಿಲ್ಲ, ಗರಿಯಿಲ್ಲ, ಬರೀ ಮರದ ಪುಡಿಯ ಹಾಸಿಗೆ. ಮೂರು ಮರಿಗಳಿದ್ದವು. ಎರಡು ಸತ್ತಿದ್ದವು. ಮೂರನೆಯದು ಪುಕ್ಕ ಮೂಡಿದ ತಲೆಯೆತ್ತಿ ನನ್ನ ಬೆರಳಿಗೇ ಬಾಯಿ ತೆರೆಯಿತು. ಅದನ್ನು ಬಣ್ಣ ಒರೆಸುವ ಬಟ್ಟೆಯಲ್ಲಿ ಸುತ್ತಿ, ಅಪ್ಪನ ಸುತ್ತಿಗೆಯ ಪಕ್ಕದಲ್ಲೇ ಚೀಲಕ್ಕೆ ಹಾಕಿಕೊಂಡೆ. ದೊಡ್ಡ ಹಕ್ಕಿಗಳೆರಡೂ ಕೊಂಬೆಯಿದ್ದ ಜಾಗದ ಸುತ್ತ, ಬರೀ ಗಾಳಿಯಲ್ಲಿ, ಹಾರುತ್ತಿದ್ದವು. ನಾನು ಮೇಲೆ ನೋಡಲು ಹೋಗಲಿಲ್ಲ.

ಗರಗಸಣ್ಣ ನನ್ನ ಜೊತೆಗೇ ಮನೆಗೆ ಬಂದರು. ಎಂಟು ವರ್ಷದ ಮೇಲೆ ನಮ್ಮ ಹೊಸಿಲು ತುಳಿದರು. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಗರಗಸಣ್ಣ ನಡೆದದ್ದನ್ನೆಲ್ಲ ಹೇಳಿದರು, ಚಪ್ಪಲಿಯ ತನಕ. “ನಿಮ್ಮನ್ನ ಬೈಯದ ದಿನ ಇಲ್ಲ. ನನ್ನ ಬಾಯಿ ಸೇದಿ ಹೋಗ” ಎಂದು ಅತ್ತರು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದಳು. ಅವಳಿಗೆ ಗಂಡ ಸಿಕ್ಕಿ ತಮ್ಮ ಹೋಗಿದ್ದ. ಅಪ್ಪ ಎದ್ದು ಗರಗಸಣ್ಣನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. “ಬಿಡಯ್ಯ, ಕಾಲು ಹೋದದ್ದು ನಿಂದು” ಎಂದರು. ಆ ದನಿ ಎಷ್ಟು ಹಗುರಾಗಿತ್ತು! ನಾನು ಬಾಗಿಲಲ್ಲಿ ಬೀಗುತ್ತಾ ನಿಂತಿದ್ದೆ. ಈಗ ನನ್ನ ಕಡೆ ತಿರುಗುತ್ತಾರೆ, ತಲೆ ಸವರುತ್ತಾರೆ ಎಂದು ಕಾಯುತ್ತಿದ್ದೆ.

ತಿರುಗಿದರು. ಆದರೆ ತಲೆ ಒಂದು ಕಡೆಗೆ ವಾಲಿಸಿದರು, ಮರದ ಮುಂದೆ ನಿಂತಾಗ ವಾಲಿಸುತ್ತಿದ್ದ ಹಾಗೆ.

“ಚೀಲದಲ್ಲೇನು?”

ನನಗೆ ಏನೂ ಕೇಳಿಸಿರಲಿಲ್ಲ. ಗರಗಸಣ್ಣನಿಗೂ ಕೇಳಿಸಿರಲಿಲ್ಲ. ಕೋಣೆಯ ಆ ತುದಿಯಲ್ಲಿ ನಿಂತ ಹತ್ತಿಕಿವಿಗೆ, ಬಟ್ಟೆಯೊಳಗಿನ ಗುಂಯ್ ಕೇಳಿಸಿತ್ತು.

“ಮರಿ” ಎಂದೆ.

“ಎಷ್ಟಿದ್ವು?”

“ಮೂರು.”

ಉಳಿದೆರಡನ್ನು ಅವರು ಕೇಳಲಿಲ್ಲ. “ಮೊದಲೇ ಗೊತ್ತಿತ್ತಾ?” ಎಂದರು.

ಸುಳ್ಳು ಹೇಳಬಹುದಿತ್ತು. ಅಪ್ಪನ ಎದುರು ನಾಲಿಗೆ ಹೊರಳಲಿಲ್ಲ. “ಗೊತ್ತಿತ್ತು. ನಿಮಗೋಸ್ಕರ ಅಪ್ಪ” ಎಂದೆ.

ಅಪ್ಪ ಬಾಗಿಲ ಹಿಂದಿನ ಖಾಲಿ ಮೊಳೆಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. “ದಿನಾ ಬೆಳಿಗ್ಗೆ ಮೊಳೆಯಿಂದ ಸುತ್ತಿಗೆ ತೆಗೆಯೋದು ಕೇಳಿಸ್ತಿತ್ತು. ಕಲೀತಿದ್ದೀಯ ಅಂದ್ಕೊಂಡೆ. ಸದ್ದಾದ್ರೆ ನೀನು ನಾಚಿಕೊಂಡು ಬಿಟ್ಟುಬಿಡ್ತೀಯ ಅಂತ ಕಣ್ಣು ಮುಚ್ಚಿಕೊಂಡು ಮಲಗಿರ್ತಿದ್ದೆ.” ಅಷ್ಟು ಹೇಳಿ ಅಂಗೈ ಚಾಚಿದರು. “ಕೊಡು.”

ಮರಿ ಕೇಳುತ್ತಿದ್ದಾರೆ ಎಂದುಕೊಂಡು ಬಟ್ಟೆಯ ಗಂಟು ತೆಗೆದುಕೊಟ್ಟೆ. ಅದನ್ನು ಎಡಗೈಯಲ್ಲಿ ಎದೆಗೆ ಹಿಡಿದುಕೊಂಡರು. ಬಲ ಅಂಗೈ ಚಾಚಿದ್ದು ಚಾಚಿದ ಹಾಗೇ ಇತ್ತು.

ಕೊಟ್ಟೆ. ಬೆರಳಿನ ಅಚ್ಚು ಬಿದ್ದ ಆ ಸುತ್ತಿಗೆಯ ಹಿಡಿಯಲ್ಲಿ ನನ್ನ ಬೆರಳುಗಳಿಗೂ ಆಗಲೇ ಜಾಗವಾಗಿತ್ತು.

ಈಗ ಮಿಲ್ಲಿನವರು, ರೋಡಾಫೀಸಿನವರು ಅಪ್ಪನನ್ನೇ ಕರೆಯುತ್ತಾರೆ. ಎಪ್ಪತ್ತರ ಅಪ್ಪ ಸುತ್ತಿಗೆ ಜೇಬಿಗಿಳಿಸಿ ಹೋಗುತ್ತಾರೆ. ಹತ್ತಿಕಿವಿ ಎಂದು ಯಾರೂ ಅನ್ನುವುದಿಲ್ಲ. ಮಾವ ಎದುರಾದರೆ ರಸ್ತೆ ದಾಟಿ ಆ ಕಡೆ ಹೋಗುತ್ತಾನೆ. ಅವನ ಆ ಓಟ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಸುಳ್ಳು ಯಾಕೆ ಹೇಳಲಿ? ಅವನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ಮರಿ ಬದುಕಿತು. ಬಾಗಿಲ ಹಿಂದಿನ ಬುಟ್ಟಿಯಲ್ಲಿ, ಸುತ್ತಿಗೆಯ ಮೊಳೆಯ ಕೆಳಗೆ ಇದೆ. ಯಾರು ನಡೆದು ಬಂದರೂ ನೆಲ ಅದುರುತ್ತಲೇ ಒಂಟಿಯಾಗಿ ಗುಂಯ್ ಎನ್ನುತ್ತದೆ. ಅದಕ್ಕೆ ಇರುವೆ ಮೊಟ್ಟೆಯೇ ಆಗಬೇಕು. ತರಲು ಅಪ್ಪ ನನ್ನನ್ನೇ ಕಳುಹಿಸುತ್ತಾರೆ, ದಿನಕ್ಕೆ ಎಂಟು ಸಲ, ಆಸ್ಪತ್ರೆಯ ಹಿಂದಿನ ಅದೇ ಹುತ್ತಕ್ಕೆ. ಅಲ್ಲಿ ಆ ಎರಡು ದೊಡ್ಡ ಹಕ್ಕಿಗಳೂ ಬರುತ್ತವೆ. ನಾನು ಒಂದು ಮೂಲೆಯಲ್ಲಿ ಕೆದಕುತ್ತೇನೆ, ಅವು ಇನ್ನೊಂದು ಮೂಲೆಯಲ್ಲಿ.